ಶೋವ್ದೆಯಲ್ಲಿ ಕಟ್ಟೆ ಕಾಳಗ

ಯೊತೆಬೊರಿಯಿಂದ ಹೊರಟ ರೈಲಿನಲ್ಲಿ ಕುಳಿತು ನಾನು ‘ಸ್ಕೊವ್ಡೆ’ ಎಂಬ ಊರಿಗಾಗಿ ಕಾಯುತ್ತಿದ್ದೆ. ಟಿಕೆಟಿನ ಮೇಲಿನ ಅಕ್ಷರಗಳನ್ನು ನೋಡಿ ನಾನೇ ಹಾಗೆ ಓದಿಕೊಂಡಿದ್ದೆ. ಸರಿಯಾಗಿ ಒಂದು ಗಂಟೆಯ ದಾರಿ, ಇಳಿಯಲು ತಪ್ಪಿದರೆ ರೈಲು ನೇರ ಸ್ಟಾಕ್‌ಹೋಮಿಗೆ ಹೋಗುತ್ತದೆ ಎಂದು ಮಗ ಫೋನಿನಲ್ಲಿ ಎರಡೆರಡು ಬಾರಿ ಎಚ್ಚರಿಸಿದ್ದ. ಧ್ವನಿವರ್ಧಕದಲ್ಲಿ ಏನೋ ಒಂದು ಹೆಸರು ಕೇಳಿಸಿತು. ‘ಶ’ಕಾರವೂ ಅಲ್ಲ, ‘ಹ’ಕಾರವೂ ಅಲ್ಲ, ಬಿಸಿ ಚಹಾ ಊದಿದಾಗ ಬರುವಂಥ ಸದ್ದು, ಅದರ ಹಿಂದೆ ‘ವ್ದೆ’. ಇದು ನಮ್ಮ ಊರಲ್ಲ ಎಂದು ನಿಶ್ಚಿಂತೆಯಿಂದ ಕುಳಿತೇ ಇದ್ದೆ. ಎದುರಿಗಿದ್ದ ವೃದ್ಧೆ ನನ್ನ ಟಿಕೆಟ್ಟನ್ನೂ ಕಿಟಕಿಯನ್ನೂ ನೋಡಿ, ‘ಇದೇ ನಿಮ್ಮ ಊರು, ಇಳಿಯಿರಿ’ ಎಂದು ಎಬ್ಬಿಸದಿದ್ದರೆ ಈ ಲೇಖನ ಸ್ಟಾಕ್‌ಹೋಮಿನ ಬಗ್ಗೆ ಇರುತ್ತಿತ್ತೋ ಏನೋ.

ಸ್ವೀಡಿಷ್ ಭಾಷೆಯಲ್ಲಿ ಕೆಲವು ಸ್ವರಗಳ ಮುಂದೆ ‘ಸ್ಕ’ ಬಂದರೆ ಅದು ‘ಸ್ಕ’ ಆಗಿ ಉಳಿಯುವುದಿಲ್ಲ. ಊರಿನ ಹೆಸರು ಹೆಚ್ಚುಕಡಿಮೆ ‘ಶೋವ್ದೆ’. ಮೂವತ್ತು ವರ್ಷ ಮಕ್ಕಳ ಉಚ್ಚಾರ ತಿದ್ದಿದ ಮೇಷ್ಟ್ರಿಗೆ ಪ್ಲಾಟ್‌ಫಾರ್ಮಿನಲ್ಲಿ ಕಾಲಿಡುವ ಮೊದಲೇ ಪಾಠವಾಯಿತು. ಕಿವಿಯಿಂದ ಕಲಿಯಬೇಕಾದದ್ದನ್ನು ನಾನು ಕಣ್ಣಿನಿಂದ ಕಲಿತಿದ್ದೆ. ಆ ಹನ್ನೆರಡು ದಿನಗಳಲ್ಲಿ ಇದೇ ತಪ್ಪು ನನ್ನಿಂದ ಬೇರೆ ಕಡೆಯೂ ಆಗಿದೆಯೆಂದು ತಿಳಿಯಿತು. ಅದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಎಂಜಿನ್ ಊರು, ಆಟದ ಊರು

ಶೋವ್ದೆ ದೊಡ್ಡ ಊರಲ್ಲ. ಸ್ವೀಡನ್ನಿನ ಎರಡು ಮಹಾ ಸರೋವರಗಳಾದ ವೆನೆರ್ನ್ ಮತ್ತು ವೆಟ್ಟೆರ್ನ್‌ಗಳ ನಡುವೆ, ಒಂದು ಚಪ್ಪಟೆ ಬೆಟ್ಟದ ಮಗ್ಗುಲಲ್ಲಿದೆ. ಜನಸಂಖ್ಯೆ ಸುಮಾರು 40 ಸಾವಿರ. ನಮ್ಮ ಕಡೆಯ ಒಂದು ತಾಲ್ಲೂಕು ಕೇಂದ್ರದಷ್ಟು. ಹಿಂದಿನಿಂದಲೂ ಇದು ಎಂಜಿನ್ನಿನ ಊರು. 1927ರಲ್ಲಿ ಹೊರಬಂದ ಮೊಟ್ಟಮೊದಲ ವೋಲ್ವೊ ಕಾರಿನ ಎಂಜಿನ್ ತಯಾರಾದದ್ದು ಇಲ್ಲಿನ ಪೆಂಟಾ ಕಾರ್ಖಾನೆಯಲ್ಲಿ. ಆ ಕಾರ್ಖಾನೆ ಮುಂದೆ ವೋಲ್ವೊದ್ದೇ ಆಯಿತು. ಈಗಲೂ ಊರಿನ ಅನೇಕ ಮನೆಗಳ ಅನ್ನ ಎಂಜಿನ್ನಿನಿಂದಲೇ.

ಆದರೆ ನನ್ನ ಮಗ ಇಲ್ಲಿಗೆ ಬಂದದ್ದು ಎಂಜಿನ್ ಕಲಿಯಲಿಕ್ಕಲ್ಲ. ಇಲ್ಲಿನ ವಿಶ್ವವಿದ್ಯಾಲಯ 2002ರಿಂದ ವಿಡಿಯೊ ಗೇಮ್ ತಯಾರಿಕೆಯನ್ನು ಪಾಠವಾಗಿ ಕಲಿಸುತ್ತಿದೆ. ಕಲಿತ ಹುಡುಗರು ಊರು ಬಿಟ್ಟು ಹೋಗದೆ ಇಲ್ಲಿಯೇ ಸಣ್ಣ ಸಣ್ಣ ಕಂಪನಿ ಕಟ್ಟಿದರು. 2010ರಲ್ಲಿ ಇಲ್ಲಿನ ವಿದ್ಯಾರ್ಥಿಗಳು ಆರಂಭಿಸಿದ ಕಾಫಿ ಸ್ಟೇನ್ 2014ರಲ್ಲಿ ಒಂದು ಮೇಕೆಯ ಆಟ ತಂದು ಲೋಕವನ್ನೇ ನಗಿಸಿತು. ಐರನ್ ಗೇಟ್ ಎಂಬ ಐದು ಜನರ ತಂಡ 2021ರಲ್ಲಿ ‘ವಾಲ್‌ಹೈಮ್’ ಎಂಬ ಆಟ ಬಿಟ್ಟಾಗ ಸುಮಾರು ಒಂದೇ ತಿಂಗಳಲ್ಲಿ 50 ಲಕ್ಷ ಪ್ರತಿಗಳು ಮಾರಾಟವಾದವು.

ಮಗ ಈ ಲೆಕ್ಕಗಳನ್ನೆಲ್ಲ ಮೊದಲೇ ಒಪ್ಪಿಸಿದ್ದ. ಬೆಂಗಳೂರಿನಲ್ಲಿ ಕಂಪ್ಯೂಟರ್ ಎಂಜಿನಿಯರಾಗಿ ಸಿಕ್ಕಿದ್ದ ಕೆಲಸವನ್ನು ಒಂದೇ ವರ್ಷಕ್ಕೆ ಬಿಟ್ಟು, ಬ್ಯಾಂಕಿನಲ್ಲಿ ಸಾಲ ಮಾಡಿ, 2024ರ ಆಗಸ್ಟ್‌ನಲ್ಲಿ ವಿಮಾನ ಹತ್ತುವ ಮೊದಲು ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಹೇಳಿದ್ದ. ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಇದರಿಂದ ಹೊಟ್ಟಿ ತುಂಬತದೇನು?’ ಅವನು ಉತ್ತರ ಹೇಳಲಿಲ್ಲ. 2025ರ ಏಪ್ರಿಲ್‌ನಲ್ಲಿ ಬೇಸಿಗೆ ರಜೆ ಸಿಕ್ಕಿತು. ಉತ್ತರ ನೋಡಿ ಬರೋಣವೆಂದೇ ಹೊರಟೆ. ನಮ್ಮಾಕೆ ಮೊಣಕಾಲು ನೋವಿನಿಂದ ಬರಲಾಗದೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಕರದಂಟು ಕಟ್ಟಿಕೊಟ್ಟಳು. ಸೂಟ್‌ಕೇಸ್ ತುಂಬಿದ್ದು ಅವಳೇ. ಅದರ ತಳದಲ್ಲಿ ಇನ್ನೇನಿತ್ತು ಎಂಬುದು ನನಗೆ ಗೊತ್ತಿರಲಿಲ್ಲ.

ಕಪಾಟಿಗೆ ಹೋದ ಆಟ

ಇಲ್ಲಿ ಹಳೆಯ ಸಂಗತಿಯೊಂದನ್ನು ಹೇಳಲೇಬೇಕು. 2018ರಲ್ಲಿ ಮಗ ದ್ವಿತೀಯ ಪಿಯುಸಿಯಲ್ಲಿದ್ದ. ಮನೆಯ ಕಂಪ್ಯೂಟರಿನಲ್ಲಿ ರಾತ್ರಿ ಹೊತ್ತು ಒಂದು ಆಟ ಆಡುತ್ತಿದ್ದ. ಬಣ್ಣಬಣ್ಣದ ಕಾರ್ಟೂನ್ ಗೊಂಬೆಗಳು ಒಂದನ್ನೊಂದು ಹೊಡೆದು ಆಚೆ ಎಸೆಯುತ್ತಿದ್ದವು. ಬರೀ ಪಟಪಟ ಗುಂಡಿ ಒತ್ತುವ ಸದ್ದು. ಡಿಸೆಂಬರಿನ ಕಿರುಪರೀಕ್ಷೆಯಲ್ಲಿ ಭೌತಶಾಸ್ತ್ರದಲ್ಲಿ, ಅದೂ ಮೇಷ್ಟ್ರ ಮಗ, ಅಂಕ ಕಡಿಮೆ ಬಂತು. ಅಂದು ಸಂಜೆಯೇ ಅವನ ಕೈಯಲ್ಲಿದ್ದ ಕಂಟ್ರೋಲರ್ ಕಿತ್ತುಕೊಂಡು ಕಬ್ಬಿಣದ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಅವನು ಅಳಲಿಲ್ಲ, ಕೂಗಾಡಲಿಲ್ಲ. ಪರೀಕ್ಷೆ ಚೆನ್ನಾಗಿಯೇ ಬರೆದ. ಅದನ್ನು ಮರಳಿ ಕೇಳಲೂ ಇಲ್ಲ. ನನ್ನ ಕ್ರಮ ಫಲ ಕೊಟ್ಟಿತೆಂದು ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ನಾಲ್ಕು ಜನರ ಮುಂದೆ ಹೇಳಿಕೊಂಡದ್ದೂ ಉಂಟು.

ಆ ಆಟದ ಹೆಸರು ಕೂಡ ನನಗೆ ಗೊತ್ತಿರಲಿಲ್ಲ. ಶೋವ್ದೆಗೆ ಬಂದ ಮೂರನೆಯ ದಿನ ಗೊತ್ತಾಯಿತು.

ಶೇಕಡಾವಾರು ಹೆಚ್ಚಿದರೆ ಅಪಾಯ

ಅಂದು ಗುರುವಾರ. ಮಗ ತನ್ನ ತರಗತಿಯ ಒಂದು ಪ್ರಯೋಗ ನೋಡಲು ಕರೆದೊಯ್ದ. ಹೆಚ್ಚು ಜನರಿಗೆ ತಿಳಿಯದ ಒಂದು ಆಟವನ್ನು ಆರಿಸಿಕೊಳ್ಳಬೇಕು. ಆರು ಜನರನ್ನು ಕೂರಿಸಿ ಆಡಿಸಬೇಕು. ಅವರು ಆಡುವುದನ್ನು ನೋಡಬೇಕು, ಆಮೇಲೆ ಅವರ ಅಭಿಪ್ರಾಯ ಬರೆದುಕೊಳ್ಳಬೇಕು. ಅವನು ಆರಿಸಿದ್ದು ‘ಸ್ಲ್ಯಾಪ್ ಸಿಟಿ’. ಅಂದರೆ ಕಪಾಳಕ್ಕೆ ಬಾರಿಸುವ ಪಟ್ಟಣ! ಇದೇ ಶೋವ್ದೆಯ ಲುಡೊಸಿಟಿ ಎಂಬ ಸಣ್ಣ ಕಂಪನಿ ತಯಾರಿಸಿದ್ದು. 2018ರಲ್ಲಿ ಅರೆಸಿದ್ಧವಾಗಿ ಹೊರಬಂದು 2020ರಲ್ಲಿ ಪೂರ್ಣಗೊಂಡಿತು. ಪರದೆ ಬೆಳಗಿ ಗೊಂಬೆಗಳು ಕಾಣಿಸಿಕೊಂಡಾಗ ನನಗೆ ಗುರುತು ಸಿಕ್ಕಿತು. ಮಗ ನನ್ನ ಮುಖ ನೋಡಲಿಲ್ಲ. ನಾನೂ ಏನೂ ಹೇಳದೆ ಹಿಂದಿನ ಬೆಂಚಿನಲ್ಲಿ ಕುಳಿತೆ.

ಓದುಗರಿಗೆ, ಮುಖ್ಯವಾಗಿ ನನ್ನಂಥ ಪಾಲಕರಿಗೆ, ಈ ಜಾತಿಯ ಆಟದ ಪರಿಚಯ ಮಾಡಿಕೊಡಬೇಕು. ಸಾಮಾನ್ಯ ಹೊಡೆದಾಟದ ಆಟದಲ್ಲಿ ಇಬ್ಬರಿಗೂ ಪ್ರಾಣದ ಪಟ್ಟಿಯಿರುತ್ತದೆ. ಏಟು ಬಿದ್ದಂತೆ ಅದು ಕರಗಿ ಸೊನ್ನೆಯಾದರೆ ಸೋಲು. ಇದು ಬೇರೆ. ಗಾಳಿಯಲ್ಲಿ ತೇಲುವ ಒಂದು ಕಟ್ಟೆ. ಅದರ ಮೇಲೆ ಆಟಗಾರರು. ಎದುರಾಳಿಯನ್ನು ಕಟ್ಟೆಯಿಂದ ಆಚೆ ತಳ್ಳಿ, ಮರಳಿ ಹತ್ತಲಾಗದಂತೆ ಮಾಡಿದವನು ಗೆದ್ದ. ‘ಪ್ಲಾಟ್‌ಫಾರ್ಮ್ ಫೈಟರ್’ ಎಂದು ಅವರು ಕರೆಯುವ ಇದನ್ನು ನಾವು ಕಟ್ಟೆ ಕಾಳಗ ಎನ್ನೋಣ. ಇದನ್ನು ಜನಪ್ರಿಯಗೊಳಿಸಿದವರು ಜಪಾನಿನ ಮಸಾಹಿರೊ ಸಕುರಾಯ್. ಎಚ್‌ಎಎಲ್ ಲ್ಯಾಬೊರೇಟರಿ ಎಂಬ ಕಂಪನಿಯಲ್ಲಿದ್ದಾಗ ಅವರು ಕಲ್ಪಿಸಿದ ಮಾದರಿಗೆ ಪ್ರೋಗ್ರಾಂ ಬರೆದವರು ಮುಂದೆ ನಿಂಟೆಂಡೊ ಅಧ್ಯಕ್ಷರಾದ ಸತೋರು ಇವಾಟ. 1999ರಲ್ಲಿ ಅದು ‘ಸೂಪರ್ ಸ್ಮ್ಯಾಶ್ ಬ್ರದರ್ಸ್’ ಆಗಿ ಹೊರಬಂತು. ಇಂದು ಆ ಸರಣಿಯ ಇತ್ತೀಚಿನ ಆಟದಲ್ಲಿ 80ಕ್ಕೂ ಹೆಚ್ಚು ಪಾತ್ರಗಳಿವೆ. ‘ಸ್ಲ್ಯಾಪ್ ಸಿಟಿ’ಯಲ್ಲಿರುವುದು ಹತ್ತರ ಆಸುಪಾಸು. ಹೆಚ್ಚಿನವು ಇದೇ ಕಂಪನಿಯ ಹಳೆಯ ಆಟಗಳಿಂದ ಬಂದವು: ಇಟಲ್ ಡ್ಯೂ ಎಂಬ ಸಾಹಸಿ ಹುಡುಗಿ, ನರಿವೇಷದ ಜೆನ್ನಿ, ತನ್ನ ಮೂಲ ಆಟದಲ್ಲಿ ರೋಗಿಗಳನ್ನು ಗುಣಪಡಿಸುವುದನ್ನೇ ಕಾಯಕ ಮಾಡಿಕೊಂಡಿದ್ದ ರಾಜಕುಮಾರಿ ರೆಮಿಡಿ. ಪಾಪ, ವೈದ್ಯೆಯೂ ಇಲ್ಲಿ ಬಾರಿಸಲೇಬೇಕು.

ಪ್ರತಿಯೊಬ್ಬರ ಹೆಸರಿನ ಕೆಳಗೂ ಒಂದು ಶೇಕಡಾವಾರು ಅಂಕಿ ಓಡುತ್ತದೆ. ನೂರು ದಾಟಿದವನನ್ನು ಕಂಡು ನಾನು ‘ಭೇಷ್’ ಎಂದೆ. ಎಲ್ಲರೂ ನಕ್ಕರು. ಇಲ್ಲಿ ಶೇಕಡಾವಾರು ಏರಿದಷ್ಟೂ ಅಪಾಯ! ಅದು ತಿಂದ ಏಟಿನ ಲೆಕ್ಕ. ಅಂಕಿ ಹೆಚ್ಚಿದಂತೆ ಅದೇ ಏಟಿಗೆ ಆಟಗಾರ ಹೆಚ್ಚು ದೂರ ಹಾರುತ್ತಾನೆ. ನ್ಯೂಟನ್ನನ ಭಾಷೆಯಲ್ಲಿ ಹೇಳುವುದಾದರೆ, ಬಲ ಅಷ್ಟೇ ಇದ್ದು ದ್ರವ್ಯರಾಶಿ ಕರಗುತ್ತ ಹೋದಂತೆ. ಶೇಕಡಾ 95ಕ್ಕೆ ಕೈಕಾಲು ಬಿಡುವ ನಮ್ಮ ಮಕ್ಕಳಿಗೆ ಈ ಲೆಕ್ಕ ಅರ್ಥವಾಗುವುದು ಕಷ್ಟವೇನಲ್ಲ.

ಕೇಳುವವನ ಮೌನ

ಮಗನ ಕೈಯಲ್ಲಿ ಒಂದು ಹಾಳೆಯಿತ್ತು. ಅದರಲ್ಲಿನ ಮೊದಲ ನಿಯಮ ನೋಡಿ ಆಶ್ಚರ್ಯವಾಯಿತು: ಆಡುವವನಿಗೆ ಸಹಾಯ ಮಾಡಬೇಡ. ಎರಡನೆಯದು: ‘ಚೆನ್ನಾಗಿದೆಯಾ?’ ಎಂದು ಕೇಳಬೇಡ. ಏಕೆಂದರೆ ಹಾಗೆ ಕೇಳಿದರೆ ಎಲ್ಲರೂ ಮರ್ಯಾದೆಗಾದರೂ ‘ಹೌದು’ ಎನ್ನುತ್ತಾರೆ. ಕೈ ಎಲ್ಲಿ ತಡವರಿಸಿತು, ಹುಬ್ಬು ಯಾವಾಗ ಗಂಟಿಕ್ಕಿತು, ನಗು ಎಲ್ಲಿ ಬಂತು ಎಂಬುದನ್ನು ಬರೆದುಕೊ; ಆಮೇಲೆ ಆ ಜಾಗದ ಬಗ್ಗೆಯೇ ಕೇಳು.

ನನಗೆ ನಮ್ಮ ತರಗತಿ ನೆನಪಾಯಿತು. ಮಸೂರದ ಸೂತ್ರ ಬರೆದು ತಿರುಗಿ ‘ಅರ್ಥ ಆಯಿತಾ?’ ಎಂದರೆ ಐವತ್ತು ಕಂಠಗಳು ‘ಹೌದು ಸರ್’ ಎನ್ನುತ್ತವೆ. ಉತ್ತರಪತ್ರಿಕೆ ಬಂದಾಗ ತಿಳಿಯುತ್ತದೆ ಎಷ್ಟು ಹೌದು ಎಂದು.

ಆರು ಜನರ ಅಭಿಪ್ರಾಯಗಳಲ್ಲಿ ಒಂದು ಇನ್ನೊಂದರಂತಿರಲಿಲ್ಲ. ಹಳೆಯ ‘ಸ್ಮ್ಯಾಶ್’ ಆಡಿ ಬೆಳೆದ ಸ್ವೀಡಿಷ್ ಹುಡುಗಿಯೊಬ್ಬಳು, ಇದರಲ್ಲಿ ತನಗೆ ಇಷ್ಟವಾದದ್ದು ಹೊಡೆತವಲ್ಲ, ಓಡಾಟ ಎಂದಳು. ಬೆರಳು ಯೋಚಿಸಿದ್ದನ್ನು ಗೊಂಬೆ ತಕ್ಷಣ ಮಾಡುತ್ತದೆ; ನೆಲದಲ್ಲಿ ಜಾರುವುದು, ಗಾಳಿಯಲ್ಲಿ ತಿರುಗುವುದು, ಅಂಚಿಗೆ ಜೋತುಬೀಳುವುದು ಎಲ್ಲಕ್ಕೂ ಹಗುರವಾದ ಒಂದು ಲಯವಿದೆ. ಪಕ್ಕದ ಹುಡುಗ ಅದನ್ನೇ ದೂರಿದ: ಅತಿ ವೇಗ, ಯಾವ ಏಟು ಎಲ್ಲಿಂದ ಬಂತೆಂದೇ ಕಾಣುವುದಿಲ್ಲ. ಒಬ್ಬಳಿಗೆ ಚಿತ್ರಗಳು ಮಕ್ಕಳ ಪುಸ್ತಕದಂತೆ ಮುದ್ದಾಗಿವೆ. ಇನ್ನೊಬ್ಬನಿಗೆ ಅದೇ ಚಿತ್ರಗಳು ಅಗ್ಗದವೆನಿಸಿ ಆಟದ ಮೇಲೆ ಗೌರವವೇ ಹುಟ್ಟಲಿಲ್ಲ. ಐದನೆಯವನು ಪಾತ್ರಗಳು ಕಡಿಮೆಯಿರುವುದನ್ನು ಹೊಗಳಿದ. ಎಂಬತ್ತು ಜನರ ಸ್ವಭಾವ ಬಾಯಿಪಾಠ ಮಾಡುವುದಕ್ಕಿಂತ ಹತ್ತು ಜನರನ್ನು ಆಳವಾಗಿ ತಿಳಿಯುವುದು ಮೇಲು ಎಂಬುದು ಅವನ ವಾದ.

ಆರನೆಯವನು ಈ ಆಟವನ್ನು ಮೊದಲೇ ಬಲ್ಲವನು. ಅವನ ಮಾತು ಮನಸ್ಸಿಗೆ ತಟ್ಟಿತು. ಆಟದಲ್ಲಿ ದೋಷ ಹುಡುಕುವುದು ಆಮೇಲೆ. ರಾತ್ರಿ ಹೊತ್ತು ಕಂಪ್ಯೂಟರ್ ತೆರೆದು ಕುಳಿತರೆ ಎದುರಾಳಿಯೇ ಸಿಗುವುದಿಲ್ಲ ಎಂದ. ಕಂಪ್ಯೂಟರಿಗೆ ಮಾತ್ರ ಬಂದ, ಜಾಹೀರಾತಿನ ಬಲವಿಲ್ಲದ ಆಟ. ಹೆಸರಾಂತ ಪಾತ್ರವೊಂದೂ ಇಲ್ಲ. ಆಡುವವರು ಮೊದಲೇ ಮಾತಾಡಿಕೊಂಡು ಇಂಥ ದಿನ ಇಷ್ಟು ಹೊತ್ತಿಗೆ ಎಂದು ಗೊತ್ತು ಮಾಡಿಕೊಂಡು ಸೇರಬೇಕು. ಒಳ್ಳೆಯ ನಾಟಕ ಕಂಪನಿಯ ಖಾಲಿ ಕುರ್ಚಿಗಳನ್ನು ಕಂಡವರಿಗೆ ಈ ಸಂಕಟ ಗೊತ್ತು. ಆದರೂ ಏಕೆ ಆಡುತ್ತೀಯ ಎಂದು ಮಗ ಕೇಳಿದ. ಸೋತಾಗ ಏಕೆ ಸೋತೆನೆಂದು ತನಗೆ ತಿಳಿಯುತ್ತದೆ, ಬೇರೆ ಆಟಗಳಲ್ಲಿ ಎಷ್ಟೋ ಸಲ ತಿಳಿಯುವುದಿಲ್ಲ ಎಂದ.

ಅಡಿಕೋಲಿನ ಪ್ರಯೋಗ

‘ಏಟು ಕಾಣುವುದೇ ಇಲ್ಲ’ ಎಂಬ ದೂರಿನ ಬಗ್ಗೆ ವಾದ ಎದ್ದಿತು. ಅಭ್ಯಾಸ ಸಾಲದು ಎಂದು ಒಬ್ಬ, ಆಟವೇ ಮೋಸ ಎಂದು ಇನ್ನೊಬ್ಬ. ನನ್ನೊಳಗಿನ ವಿಜ್ಞಾನ ಮೇಷ್ಟ್ರು ಸುಮ್ಮನಿರಲಿಲ್ಲ. ಮೇಜಿನ ಮೇಲಿದ್ದ 30 ಸೆಂಟಿಮೀಟರ್ ಅಡಿಕೋಲು ಎತ್ತಿಕೊಂಡೆ. ಎಂಟನೆಯ ತರಗತಿಯ ಮಕ್ಕಳಿಗೂ ಮಾಡಿಸುವ ಪ್ರಯೋಗ ಅದು. ಕೋಲನ್ನು ನೆಟ್ಟಗೆ ತೂಗುಬಿಟ್ಟು, ಅದರ ಸೊನ್ನೆಯ ಬಳಿ ಎದುರಿನವರು ಎರಡು ಬೆರಳು ಅಗಲಿಸಿಕೊಂಡಿರಬೇಕು. ಹೇಳದೆ ಕೇಳದೆ ಕೋಲು ಬಿಡುತ್ತೇನೆ. ಎಷ್ಟನೆಯ ಸೆಂಟಿಮೀಟರಿನಲ್ಲಿ ಹಿಡಿದರೆಂದು ನೋಡಿದರೆ, ಬೀಳುವ ವಸ್ತುವಿನ ಸೂತ್ರದಿಂದ ಅವರ ಪ್ರತಿಕ್ರಿಯೆಯ ಕಾಲ ಸಿಗುತ್ತದೆ.

ಎಲ್ಲರೂ ಸರತಿಯಲ್ಲಿ ನಿಂತರು. ತೀರ ಚುರುಕಾದವಳು 15 ಸೆಂಟಿಮೀಟರಿನಲ್ಲಿ ಹಿಡಿದಳು, ಅಂದರೆ 0.175 ಸೆಕೆಂಡ್. ಹೆಚ್ಚಿನವರು 20ರ ಸುತ್ತ, ಸುಮಾರು 0.2 ಸೆಕೆಂಡ್. ನಾನು 25. ಈ ಆಟಗಳಲ್ಲಿ ಒಂದು ಸೆಕೆಂಡಿಗೆ 60 ಚಿತ್ರಗಳು, ಅಂದರೆ 60 ಫ್ರೇಮುಗಳು ಹಾಯುತ್ತವೆ. 0.2 ಸೆಕೆಂಡ್ ಎಂದರೆ 12 ಫ್ರೇಮು. ಆದರೆ ಕಟ್ಟೆ ಕಾಳಗದ ಚುರುಕಾದ ಹೊಡೆತಗಳು ಐದಾರು ಫ್ರೇಮಿನೊಳಗೇ ತಗಲುತ್ತವೆ. ಹಾಗಾದರೆ ಅದನ್ನು ನೋಡಿ ತಪ್ಪಿಸಿಕೊಳ್ಳುವುದು ಮನುಷ್ಯಮಾತ್ರರಿಗೆ ಸಾಧ್ಯವಿಲ್ಲ. ದೂರಿದ ಹುಡುಗ ಸುಳ್ಳು ಹೇಳಿರಲಿಲ್ಲ!

ಹಾಗಿದ್ದರೆ ಬಲ್ಲವರು ಹೇಗೆ ತಪ್ಪಿಸಿಕೊಳ್ಳುತ್ತಾರೆ? ಅವರು ಏಟನ್ನು ನೋಡುವುದಿಲ್ಲ, ಹೊಡೆಯುವವನನ್ನು ನೋಡುತ್ತಾರೆ. ಅವನು ಜಿಗಿದ ಮೇಲೆ ಏನು ಮಾಡುವ ಅಭ್ಯಾಸದವನು, ಹೆದರಿದಾಗ ಯಾವ ಕಡೆ ಓಡುತ್ತಾನೆ ಎಂದು ಲೆಕ್ಕವಿಟ್ಟು ಮುಂಚಿತವಾಗಿ ಊಹಿಸುತ್ತಾರೆ. ಊಹೆ ತಪ್ಪಿದರೆ ಪೆಟ್ಟು ತಿಂದು ಊಹೆಯನ್ನು ತಿದ್ದಿಕೊಳ್ಳುತ್ತಾರೆ. ಗಮನಿಸು, ಊಹಿಸು, ಪರೀಕ್ಷಿಸು, ತಿದ್ದು: ವಿಜ್ಞಾನದ ಪುಸ್ತಕದ ಮೊದಲ ಅಧ್ಯಾಯದಲ್ಲಿ ನಾವು ಬರೆಸುವ ನಾಲ್ಕು ಹೆಜ್ಜೆಗಳು. ಕಬ್ಬಿಣದ ಕಪಾಟಿನಲ್ಲಿ ನಾನು ಬೀಗ ಹಾಕಿದ್ದರಲ್ಲಿ ಇದೂ ಇತ್ತು.

ಆಮೇಲೆ ನನ್ನನ್ನೂ ಆಡಿಸಿದರು. ನಾನು ರೆಮಿಡಿಯನ್ನು ಆರಿಸಿಕೊಂಡೆ; ವೈದ್ಯೆಯಾದರೂ ಕೈಹಿಡಿದಾಳೆಂಬ ಆಸೆ. ಮೂರು ಬಾರಿ ಕಟ್ಟೆಯಿಂದ ಬಿದ್ದೆ, ಅದರಲ್ಲಿ ಎರಡು ಸಲ ಯಾರೂ ತಳ್ಳದೆ ನಾನಾಗಿಯೇ. ಮಗ ಪಕ್ಕದಲ್ಲಿ ಕುಳಿತು ಬರೆದುಕೊಳ್ಳುತ್ತಿದ್ದ. ನಿಯಮದಂತೆ ತುಟಿ ಬಿಚ್ಚಲಿಲ್ಲ. ಮುಗಿದ ಮೇಲೆ ಕೇಳಿದ: ‘ಎರಡನೇ ಸಲ ಅಂಚಿನ ಮ್ಯಾಲೆ ನಿಂತು ಹಿಂದಕ ನೋಡಿದ್ರಿ. ಆವಾಗ ಏನು ಮಾಡಬೇಕಂತಿದ್ರಿ?’ ನನ್ನ ಅಭಿಪ್ರಾಯವನ್ನು ಇಷ್ಟು ಗಮನವಿಟ್ಟು ಇತ್ತೀಚೆಗೆ ಯಾರೂ ಕೇಳಿರಲಿಲ್ಲ.

ಬಿಲ್ಲಿಂಗೆನ್ ಬೆಟ್ಟದ ಮೇಲೆ

ಭಾನುವಾರ ತಂದೆ ಮಗ ಇಬ್ಬರೂ ಊರ ಪಕ್ಕದ ಬಿಲ್ಲಿಂಗೆನ್ ಬೆಟ್ಟ ಹತ್ತಿದೆವು. ನಮ್ಮ ಕಪ್ಪತಗುಡ್ಡದಂತೆ ಸಾಲುಸಾಲು ಏರಿಳಿತವಿಲ್ಲ. ಮೇಲೆ ಹೋದರೆ ಚಪ್ಪಟೆ, ಮೇಜಿನಂತೆ. ಪೈನ್ ಮರಗಳ ಕಾಡು. ಸುಮಾರು 50 ಕೋಟಿ ವರ್ಷಗಳ ಹಿಂದೆ ಇಲ್ಲಿದ್ದ ಸಮುದ್ರದಲ್ಲಿ ಮರಳುಗಲ್ಲು, ಜೇಡುಕಲ್ಲು, ಸುಣ್ಣದಕಲ್ಲು ಪದರಪದರವಾಗಿ ಕೂತವು. ಸುಮಾರು 28 ಕೋಟಿ ವರ್ಷಗಳ ಹಿಂದೆ ಕೆಳಗಿನಿಂದ ಶಿಲಾರಸ ನುಗ್ಗಿ ಪದರಗಳ ನಡುವೆ ಹರಡಿ ಗಟ್ಟಿಯಾಯಿತು. ಮೇಲಿದ್ದ ಮೆತ್ತನೆಯ ಕಲ್ಲು ಸವೆದುಹೋಯಿತು. ಈ ಕಪ್ಪು ಡಾಲರೈಟ್ ಮುಚ್ಚಳ ಉಳಿದು ತನ್ನ ಕೆಳಗಿನ ಪದರಗಳನ್ನು ಕಾಪಾಡಿತು. ಸುತ್ತಲಿನ ನೆಲವೆಲ್ಲ ಸವೆದು ಇಳಿಯಿತು, ಇದು ಕಟ್ಟೆಯಾಗಿ ನಿಂತಿತು. ಇಂಥ 15 ಚಪ್ಪಟೆ ಬೆಟ್ಟಗಳಿರುವ ಈ ಸೀಮೆಯನ್ನು 2022ರಲ್ಲಿ ಯುನೆಸ್ಕೊ ಜಾಗತಿಕ ಭೂ ಉದ್ಯಾನವೆಂದು ಗುರುತಿಸಿತು. ಸ್ವೀಡನ್ನಿಗೆ ಇದೇ ಮೊದಲನೆಯದು.

ಅಂಚಿನಲ್ಲಿ ಕುಳಿತು ರೊಟ್ಟಿ ಬಿಚ್ಚಿದೆವು. ಕೆಳಗೆ ಊರು, ದೂರದಲ್ಲಿ ಕಾರ್ಖಾನೆಯ ಚಾವಣಿಗಳು. ರಾತ್ರಿ ಎಂಟೂವರೆಗೂ ಬೆಳಕಿರುವ ಏಪ್ರಿಲ್, ಆದರೂ ಚಳಿ. ಹೊಟ್ಟೆಪಾಡಿನ ಪ್ರಶ್ನೆಯನ್ನು ಮತ್ತೆ ಎತ್ತಿದೆ. ಈ ಸಲ ಅವನು ಮುಚ್ಚಿಡದೆ ಹೇಳಿದ.

ಲುಡೊಸಿಟಿಯ ಕಥೆಯನ್ನೇ ನೋಡಿ ಎಂದ. ಕೆಲವೇ ಜನ ಆಡಿದರೂ ‘ಸ್ಲ್ಯಾಪ್ ಸಿಟಿ’ ಬಲ್ಲವರ ಕಣ್ಣಿಗೆ ಬಿತ್ತು. ಅದೇ ತಂಡ, ಕೋಸ್ಟರಿಕಾದ ಫೇರ್ ಪ್ಲೇ ಲ್ಯಾಬ್ಸ್ ಜೊತೆ ಸೇರಿ, ಸ್ಪಂಜ್‌ಬಾಬ್‌ನಂಥ ಟಿವಿ ಕಾರ್ಟೂನ್ ಪಾತ್ರಗಳಿರುವ ‘ನಿಕೆಲೋಡಿಯನ್ ಆಲ್ ಸ್ಟಾರ್ ಬ್ರಾಲ್’ ಆಟವನ್ನು 2021ರ ಅಕ್ಟೋಬರಿನಲ್ಲಿ ತಂದಿತು. ಓಡಾಟ, ವೇಗ ಎಲ್ಲ ಬಲ್ಲವರಿಗೆ ಹಿಡಿಸಿತು. ದೂರದೂರದ ಊರುಗಳ ಇಬ್ಬರು ಅಂತರ್ಜಾಲದಲ್ಲಿ ಆಡುವಾಗ ಸಂಕೇತ ತಡವಾದರೂ ಆಟ ತಡವರಿಸದಂತೆ, ಎದುರಾಳಿ ಏನು ಒತ್ತಬಹುದೆಂದು ಊಹಿಸಿ ಮುಂದೆ ನಡೆದು, ತಪ್ಪಿದ್ದರೆ ಹಿಂದಕ್ಕೆ ಹೋಗಿ ತಿದ್ದುವ ಏರ್ಪಾಡು ಅದರಲ್ಲಿತ್ತು, ಅದನ್ನೂ ಮೆಚ್ಚಿದರು. ಆದರೆ ಸಾಮಾನ್ಯ ಆಟಗಾರರ ದೂರು ಬೇರೆಯೇ: ಸ್ಪಂಜ್‌ಬಾಬ್ ಬಾಯಿಯನ್ನೇ ಬಿಡುವುದಿಲ್ಲವಲ್ಲ! ಟಿವಿಯಲ್ಲಿ ಕೇಳಿದ ಆ ದನಿಯಿಲ್ಲದೆ ಅವನು ಅವನೇ ಅಲ್ಲ. ಪಾತ್ರಗಳಿಗೆ ದನಿಯಿರಲಿಲ್ಲ, ಆಟದ ನಡುವೆ ಬಳಸುವ ವಸ್ತುಗಳೂ ಇರಲಿಲ್ಲ. ದೂರು ಕೇಳಿಸಿಕೊಂಡ ತಯಾರಕರು 2022ರಲ್ಲಿ ಎರಡನ್ನೂ ಸೇರಿಸಿದರು. 2023ರಲ್ಲಿ ಆ ಆಟದ ಎರಡನೆಯ ಭಾಗ ಬಂದಾಗ ತಯಾರಿಸಿದ್ದು ಫೇರ್ ಪ್ಲೇ ಲ್ಯಾಬ್ಸ್, ಲುಡೊಸಿಟಿ ಅದರಲ್ಲಿರಲಿಲ್ಲ.

‘ಅಂದ್ರ, ಛಲೋ ಮಾಡಿದ್ರೂ ಮುಂದಿನ ಕೆಲಸ ಸಿಕ್ಕೇ ಸಿಗತದ ಅಂತಿಲ್ಲ’ ಎಂದೆ.

‘ಇಲ್ಲ’ ಎಂದ. 2023ರಿಂದೀಚೆಗೆ ಜಗತ್ತಿನಾದ್ಯಂತ ಗೇಮ್ ಕಂಪನಿಗಳಲ್ಲಿ ಸಾವಿರಾರು ಜನ ಕೆಲಸ ಕಳೆದುಕೊಂಡಿದ್ದನ್ನು, ಸ್ವೀಡನ್ನಿನದೇ ಆದ ಎಂಬ್ರೇಸರ್ ಸಮೂಹ ತನ್ನ ಸ್ಟುಡಿಯೊಗಳನ್ನು ಮುಚ್ಚಿದ್ದನ್ನು ಅವನೇ ಹೇಳಿದ. ತನಗೂ ಕೆಲಸ ಸಿಗದೆ ಹೋಗಬಹುದು. ಸಿಗದಿದ್ದರೆ ಬೆಂಗಳೂರಿಗೆ ಮರಳಿ ಮೊದಲಿನ ಕೆಲಸದಂಥದೇ ಹಿಡಿದು ಸಾಲ ತೀರಿಸುತ್ತೇನೆ, ಅದರ ಲೆಕ್ಕವೂ ಹಾಕಿದ್ದೇನೆ ಎಂದು ಫೋನಿನಲ್ಲಿ ತೋರಿಸಿದ. ಲೆಕ್ಕ ಸರಿಯಾಗಿತ್ತು. ನಾನು ಎರಡು ಬಾರಿ ಕೂಡಿ ನೋಡಿದೆ.

ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ನಾನೇ ಕೇಳಿದೆ: ‘ಆವಾಗ ಕಪಾಟಿನ್ಯಾಗ ಇಟ್ಟೆನಲ್ಲ, ಭಾಳ ಸಿಟ್ಟು ಬಂದಿತ್ತೇನು?’

ಅವನು ರೊಟ್ಟಿ ಮುರಿಯುತ್ತ ಹೇಳಿದ: ‘ಇಟ್ಟಿದ್ದಕ್ಕಲ್ಲ ಅಪ್ಪಾ. ಪರೀಕ್ಷೆ ಇತ್ತು, ಇಟ್ರಿ. ನೀವು ದಿನಾ ಎಷ್ಟೊತ್ತು ಆಡ್ತಿ ಅಂತ ಕೇಳತಿದ್ರಿ. ಏನು ಆಡ್ತಿ ಅಂತ ಒಮ್ಮೆನೂ ಕೇಳಲಿಲ್ಲ.’

ನನ್ನ ಬಳಿ ಉತ್ತರವಿರಲಿಲ್ಲ. ಊರಿನ ಹೆಸರನ್ನು ಕೇಳದೆಯೇ ಓದಿದ್ದ ನಾನು ಮಗನನ್ನೂ ಹಾಗೆಯೇ, ಅಂಕಪಟ್ಟಿ ನೋಡಿ ಓದಿದ್ದೆ.

ಇದನ್ನು ಓದುತ್ತಿರುವ ವಿದ್ಯಾರ್ಥಿಗಳು ತಕ್ಷಣ ಈ ಪುಟವನ್ನು ಅಪ್ಪ ಅಮ್ಮನ ಮುಂದೆ ಹಿಡಿಯಬೇಡಿ. ಪರೀಕ್ಷೆಯ ಮುನ್ನ ರಾತ್ರಿಯೆಲ್ಲ ಆಡುವುದನ್ನು ನಾನು ಈಗಲೂ ಒಪ್ಪುವುದಿಲ್ಲ, ಕಪಾಟಿನ ಬೀಗವನ್ನೂ ಎಸೆದಿಲ್ಲ. ಆಡಿದವರೆಲ್ಲ ಆಟ ತಯಾರಿಸುವವರಾಗುವುದಿಲ್ಲ, ಊಟ ಮಾಡಿದವರೆಲ್ಲ ಅಡುಗೆಯವರಾಗದಂತೆ. ನಿಮ್ಮ ಆಟದ ಬಗ್ಗೆ ‘ಸೂಪರ್’, ‘ಬೋರ್’ ಎಂಬೆರಡು ಮಾತು ಬಿಟ್ಟು, ಅದು ಏಕೆ ಹಾಗೆ ಎಂದು ನಾಲ್ಕು ವಾಕ್ಯ ಹೇಳಲು ಬರುತ್ತದೆಯೇ ಎಂದು ನಿಮ್ಮನ್ನೇ ಕೇಳಿಕೊಳ್ಳಿ. ಬಂದರೆ ಅದನ್ನು ಮನೆಯಲ್ಲಿ ಹೇಳಿ. ಪಾಲಕರಿಗೂ ಒಂದು ಮಾತು. ಬೀಗ ಹಾಕುವುದಿದ್ದರೆ ಹಾಕಿ. ಅದಕ್ಕೆ ಮೊದಲು ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ಆ ನಾಲ್ಕು ವಾಕ್ಯ ಕೇಳಿಸಿಕೊಳ್ಳಿ. ಮಕ್ಕಳು ಎಲ್ಲಿ ನೋಯುತ್ತದೆ ಎಂದು ಸರಿಯಾಗಿಯೇ ಹೇಳುತ್ತಾರೆ. ಮದ್ದು ಯಾವುದು ಎಂಬುದರಲ್ಲಿ ಅವರು ತಪ್ಪಬಹುದು, ನಾವೂ ತಪ್ಪಬಹುದು.

ಸೂಟ್‌ಕೇಸಿನ ತಳ

ಹೊರಡುವ ಹಿಂದಿನ ರಾತ್ರಿ ಸೂಟ್‌ಕೇಸ್ ಖಾಲಿ ಮಾಡುವಾಗ ತಳದಲ್ಲಿ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಗಂಟೊಂದು ಸಿಕ್ಕಿತು. ಬಿಚ್ಚಿದರೆ ಅದೇ ಕಂಟ್ರೋಲರ್. ಕಪಾಟಿನ ಇನ್ನೊಂದು ಕೀಲಿ ನಮ್ಮಾಕೆಯ ಬಳಿ ಇದ್ದದ್ದು ನನಗೆ ಮರೆತೇಹೋಗಿತ್ತು.

ಆರು ವರ್ಷ ಮುಚ್ಚಿಟ್ಟಿದ್ದರಿಂದ ಅದರ ರಬ್ಬರು ಬೆಲ್ಲದ ಪಾಕದಂತೆ ಅಂಟಂಟಾಗಿತ್ತು. ಕಂಪ್ಯೂಟರಿಗೆ ಜೋಡಿಸಿದರೆ ಜೀವವೇನೋ ಬಂತು, ಆದರೆ ಎಡಗೋಲು ಮುಟ್ಟದಿದ್ದರೂ ಗೊಂಬೆ ತಾನಾಗಿಯೇ ಎಡಕ್ಕೆ ಜಾರುತ್ತಿತ್ತು. ಸಣ್ಣ ತಿರುಪುಳಿ ತಂದು ಇಬ್ಬರೂ ಮೇಜಿನ ದೀಪದ ಕೆಳಗೆ ಬಿಚ್ಚಿದೆವು. ಒಳಗಿದ್ದದ್ದು ನಮ್ಮ ಪ್ರಯೋಗಾಲಯದ ರಿಯೋಸ್ಟಾಟಿನ ಮರಿಮಗ: ಕೋಲು ವಾಲಿದಷ್ಟೂ ಬದಲಾಗುವ ವಿದ್ಯುತ್ ರೋಧ. ಅದರ ಪಟ್ಟಿ ಮಗ ಆಡಿ ಆಡಿಯೇ ಸವೆದಿತ್ತು. ಸ್ಪಿರಿಟ್ಟಿನಲ್ಲಿ ಒರೆಸಿ ಮತ್ತೆ ಜೋಡಿಸಿದೆವು. ಜಾರುವುದು ಕಡಿಮೆಯಾಯಿತು, ಪೂರ್ತಿ ನಿಲ್ಲಲಿಲ್ಲ.

‘ಇರಲಿ ಬಿಡ್ರಿ, ಅದಕ್ಕ ತಕ್ಕಂಗ ಆಡಿದ್ರಾತು’ ಎಂದ ಮಗ. ಕನೆಕ್ಷನ್ ಕೊಟ್ಟು ಕಂಟ್ರೋಲರನ್ನು ನನ್ನ ಕೈಗಿತ್ತ. ತಾನು ಕೀಲಿಮಣೆ ಹಿಡಿದ. ಆ ರಾತ್ರಿ ನಾನು ಏಳು ಸಲ ಸೋತೆ. ಪ್ರತಿ ಸಲವೂ ಏಕೆ ಸೋತೆನೆಂದು ಅವನು ಕೇಳಿದ. ಐದನೆಯ ಸಲಕ್ಕೆ ಸರಿಯಾದ ಉತ್ತರ ಹೇಳಿದೆ.